ಶಂಕ್ರೆವ್ವನ ವಾರೆ ಕುದುರೆ

ಲಚ್ಯಾಣದ ದಾರಿಯಲ್ಲಿ ಬೇವಿನ ಕಟ್ಟೆಯ ದೇವರಿಗೆ ಹರಕೆ ಹೊತ್ತವರು ಮಣ್ಣಿನ ಕುದುರೆ ತಂದಿಡುತ್ತಾರೆ. ಮೊಣಕಾಲೆತ್ತರದವು, ಎದೆಯೆತ್ತರದವು, ಎಲ್ಲ ಸೇರಿ ನೂರಾ ಹದಿನಾಲ್ಕು. ಎಪ್ಪತ್ತೊಂಬತ್ತು ಕುಂಬಾರ ದುರ್ಗವ್ವ ಮಾಡಿದವು. ಉಳಿದವು ಅವಳ ನೆಗೆಣ್ಣಿ, ಮೈದುನನ ಹೆಂಡತಿ ಶಂಕ್ರೆವ್ವನವು. ದುರ್ಗವ್ವನಿಗೆ ಇದು ಬಾಯಿಪಾಠ.

ದುರ್ಗವ್ವನ ಕುದುರೆಯ ನಾಲ್ಕೂ ಕಾಲು ದಾರ ಹಿಡಿದಂತೆ ಸಮ, ಕಿವಿ ನೆಟ್ಟಗೆ. ಮದುವೆಯಾಗಿ ಬಂದಾಗ ಅತ್ತೆ ಹೇಳಿಕೊಟ್ಟದ್ದನ್ನು ಅವಳು ಬೆರಳಷ್ಟೂ ತಪ್ಪಿಸಲಿಲ್ಲ. ಏಳು ವರ್ಷದ ಮೇಲೆ ಬಂದ ಶಂಕ್ರೆವ್ವನಿಗೆ ಮಣ್ಣು ತುಳಿಯುವುದರಿಂದ ಹಿಡಿದು ಎಲ್ಲ ಕಲಿಸಿದವಳೂ ಅವಳೇ. ಆದರೆ ಶಂಕ್ರೆವ್ವನ ಕುದುರೆ ಮಾತ್ರ, ಯಾರೋ ಹಿಂದಿನಿಂದ ಕರೆದರೆನ್ನುವ ಹಾಗೆ, ಕುತ್ತಿಗೆ ವಾರೆ ಮಾಡಿ ನಿಲ್ಲುತ್ತಿತ್ತು.

ಈಚೆಗೆ ಮೂರ್ತಿ ನೋಡಲೆಂದೇ ಊರೂರು ತಿರುಗುವವರು ಕಾರು ಮಾಡಿಕೊಂಡು ಬರತೊಡಗಿದರು. ಇಂಡಿ ಪಟ್ಟಣದ ಡ್ರಾಯಿಂಗ್ ಟೀಚರ್ ದಾನೇಶ್ವರಿ ಅವರನ್ನು ಕರೆತರುತ್ತಿದ್ದಳು. ಬಂದವರು ಎಪ್ಪತ್ತೊಂಬತ್ತನ್ನೂ ದಾಟಿ, ಶಂಕ್ರೆವ್ವನ ವಾರೆ ಕುದುರೆಗಳ ಮುಂದೆ ಕೂತುಬಿಡುತ್ತಿದ್ದರು.

"ಕುತಗಿ ಉಳುಕಿದ ಕುದುರಿ ನೋಡಾಕ ಪುಣೆದಿಂದ ಬರಬೇಕೇನ?" ಎಂದಳು ದುರ್ಗವ್ವ.

"ಸೆಟದ ನಿಂತಿದ್ದು ನೋಡಾಕ ನೀನ ಅದಿಯಲ್ಲಕ್ಕಾ" ಎಂದಳು ಶಂಕ್ರೆವ್ವ.

ಅಂದು ದುರ್ಗವ್ವ ರೊಟ್ಟಿಯನ್ನು ಅರ್ಧಕ್ಕೇ ಬಿಟ್ಟೆದ್ದಳು.

ಇಬ್ಬರ ಕುದುರೆಗಳನ್ನೂ ಸುಡುವುದು ಒಂದೇ ಆವಿಗೆಯಲ್ಲಿ. ಒಳಗೆ ಜೋಡಿಸುವುದು ಮನೆಯ ಹಿರಿಯಳ ಕೆಲಸ. ಕಿರಿಯಳು ಕೈ ಹಚ್ಚುವಂತಿಲ್ಲ. ಆ ಸಲ ಶಂಕ್ರೆವ್ವನ ದೊಡ್ಡ ಕುದುರೆಯನ್ನು ದುರ್ಗವ್ವ ಪಡುವಣ ಅಂಚಿಗಿಟ್ಟಳು. ಅಲ್ಲಿ ಗಾಳಿ ನೇರ ಹೊಡೆದು ಉರಿ ಏಳುತ್ತದೆ, ಮಣ್ಣು ಸೀಳುತ್ತದೆ. ತನ್ನದನ್ನು ನಡುವೆ, ಗಡಿಗೆಗಳ ಮರೆಯಲ್ಲಿಟ್ಟಳು. ಶಂಕ್ರೆವ್ವ ಸಗಣಿಯ ಕುಳ್ಳು ಎತ್ತಿಕೊಡುತ್ತ ಎಲ್ಲ ನೋಡಿದಳು.

ಮೂರನೇ ದಿನ ಬೂದಿ ಸರಿಸಿದರು. ವಾರೆ ಕುದುರೆ ಸೀಳಿರಲಿಲ್ಲ. ಮೇಲಿನ ಕುಳ್ಳು ಜಾರಿ ಬಿದ್ದು, ಕುತ್ತಿಗೆಯಿಂದ ಬಾಲದವರೆಗೆ ಒಂದು ಪಕ್ಕೆಗೆ ಹೊಗೆ ಕಪ್ಪಗೆ ಕೂತಿತ್ತು. ಆಮೇಲೆ ಬಂದ ಕಾರಿನವರು ಆ ಕಪ್ಪನ್ನು ಮುಟ್ಟಿ ಮುಟ್ಟಿ ನೋಡಿದರು.

"ಈ ಬಣ್ಣ ಹೆಂಗ ಬಂತ್ರಿ?" ದಾನೇಶ್ವರಿ ಕೇಳಿದಳು.

"ನನಗೇನ ಗೊತ್ರಿ ಟೀಚರ್" ಎಂದಳು ಶಂಕ್ರೆವ್ವ. "ಆವಿಗಿಯೊಳಗ ಇಟ್ಟಾಕಿ ನಮ್ಮಕ್ಕ. ಆಕೀನ ಕೇಳ್ರಿ."

ಎಲ್ಲರೂ ದುರ್ಗವ್ವನತ್ತ ತಿರುಗಿದರು. ನಲವತ್ತು ವರ್ಷದಲ್ಲಿ ಅದೇ ಮೊದಲು. ಅವಳು ಸೆರಗಿನಿಂದ ಬಾಯಿ ಒರೆಸಿಕೊಂಡು, "ಇಡೋದರಾಗ ಐತ್ರಿ" ಎಂದಳು.

ಮುಂದಿನ ಆವಿಗೆಗೆ ಅವಳು ಪಡುವಣ ಅಂಚಿಗೆ ತನ್ನ ಕುದುರೆಯನ್ನೇ ಇಟ್ಟಳು. ಕಪ್ಪು ಈ ಸಲ ತನ್ನದಕ್ಕೆ ಕೂರಲೆಂದು ಪಕ್ಕೆಗೆ ಕುಳ್ಳು ಆನಿಸಿದಳು. ನೆಗೆಣ್ಣಿಯದನ್ನು ಯಾರ ಕಣ್ಣಿಗೂ ಬೀಳದಂಥ ಬಣ್ಣ ಬರಲೆಂದು ನಡುವೆ ಹುಗಿದಳು.

ಮೂರನೇ ದಿನ ಬೂದಿಯಲ್ಲಿ ನಾಲ್ಕು ಕಾಲು ಸಮನಾಗಿ ನಿಂತಿದ್ದವು. ಮೇಲೆ ಮೈ ಇರಲಿಲ್ಲ.

ಶಂಕ್ರೆವ್ವ ಚೂರುಗಳನ್ನು ಬುಟ್ಟಿಗೆ ಆರಿಸುತ್ತ ಮೆಲ್ಲಗೆ ಅಂದಳು: "ಅಲ್ಲಿಟ್ರ ಒಡೀತೈತಿ ಅಂತ ನಿನಗ ಮೊದಲ ಗೊತ್ತಿತ್ತಲ್ಲಕ್ಕಾ."

ದುರ್ಗವ್ವ ನಡುವಿನಿಂದ ನೆಗೆಣ್ಣಿಯ ಕುದುರೆಯನ್ನು ಎತ್ತಿ ಹೊರಗಿಟ್ಟಳು. ಕೆಂಪಗೆ ಬೆಂದಿತ್ತು, ಎಲ್ಲಿಯೂ ಬಿರುಕಿಲ್ಲ. ಕುತ್ತಿಗೆ ತಿರುಗಿಸಿ ಅವಳನ್ನೇ ನೋಡುತ್ತಿತ್ತು.