ಮೈಲಿಗೆ ಮೋಟಾರು

ನಮ್ಮ ತಂದೆ ಅರ್ಧ ತೆಂಗಿನ ತೋಟ ಮಾರಿ ಒಂದು ಮೋಟಾರು ಕೊಂಡರು. ಕಡೂರು ಸ್ಟೇಷನ್ನಿನಿಂದ ಸಖರಾಯಪಟ್ಟಣಕ್ಕೆ ಜನರನ್ನು ಸಾಗಿಸುವ ಕಂಪನಿ ತೆರೆದರು. ಅದಕ್ಕೆ ಅವರು ಮಾಡಿದ ನಿಯಮ ಒಂದೇ: ಮೊದಲು ಬಂದವರು ಎಲ್ಲಿ ಬೇಕಾದರೂ ಕೂರಬಹುದು, ಜಾತಿ ಕೇಳುವಂತಿಲ್ಲ. ಬೋರ್ಡಿನ ಮೇಲೆ ಕಂಪನಿಯ ಹೆಸರನ್ನು ಚೆಂದವಾಗಿ ಬರೆಸಿದ್ದರು. ಜನ ಇಟ್ಟ ಹೆಸರು ಮಾತ್ರ ಬೇರೆ: ಮೈಲಿಗೆ ಮೋಟಾರು.

ಮೈಸೂರಿನ ಕಾಲೇಜಿನ ಚರ್ಚಾಸಭೆಯಲ್ಲಿ ಸಮಾನತೆಯ ಪರ ವಾದಿಸಿ ಬೆಳ್ಳಿ ಬಟ್ಟಲು ಗೆದ್ದು ಬಂದವನು ನಾನು. ಆದರೆ ಸಭೆಯಲ್ಲಿ ಸೋತರೆ ಒಂದು ಸಂಜೆ ಹಾಳು, ಅಷ್ಟೆ. ಇಲ್ಲಿ ಗಾಡಿ ನಿಂತರೆ ಉಳಿದ ತೋಟವೂ ಹೋಗುತ್ತಿತ್ತು. ರೈಲಿಳಿದವರು ನಮ್ಮನ್ನು ದಾಟಿ ಎತ್ತಿನ ಗಾಡಿ ಹತ್ತುತ್ತಿದ್ದರು.

“ನಿಯಮ ಬಿಡಿ ಅಂತಿಲ್ಲ ಅಪ್ಪಾ. ಹಿಂದುಗಡೆ ಒಂದು ಹಲಗೆ ಹಾಕ್ಸಿ, ಸಾಕು. ಯಾರಿಗೆ ಅಂತ ನಾವು ಹೇಳೋದೇ ಬೇಡ.”

“ಬಟ್ಲು ಕೊಟ್ಟೋರು ಇದ್ನ ಕೇಳಿದ್ರೆ ವಾಪಸ್ ಇಸ್ಕೊಂಡೋಯ್ತಾರೆ ಕಣೋ!”

ಅವರು ಅಜ್ಜಂಪುರಕ್ಕೆ ಹೋದ ದಿನ ನಾನೇ ಬಡಗಿಯನ್ನು ಕರೆಸಿ ಹಲಗೆ ಹೊಡೆಸಿದೆ. ಸಾಮಾನು ಇಡಲು ಎಂದು ಡ್ರೈವರಿಗೆ ಹೇಳಿದೆ. ಮರುದಿನ ಬೆಳಿಗ್ಗೆ ಏಳು ಜನ ಹತ್ತಿದರು! ಆಮೇಲೆ, ವಾರಕ್ಕೊಮ್ಮೆ ಮಗಳ ಮನೆಗೆ ಹೋಗುತ್ತಿದ್ದ, ಊರಾಚೆಯ ಕೇರಿಯ ಮುದುಕಿ ಬಂದಳು. ಹಲಗೆ ನೋಡಿದಳು. ಯಾರೂ ಏನೂ ಹೇಳದಿದ್ದರೂ ಹೋಗಿ ಅದರ ಮೇಲೆ ಕೂತಳು. ಅಷ್ಟರಲ್ಲಿ ಅಜ್ಜಂಪುರದ ಕಡೆಯಿಂದ ರೈಲು ಬಂದು, ತಂದೆ ಇಳಿದರು.

“ಏನೋ ಇದು?”

“ಸಾಮಾನಿಗೆ.”

“ಓಹೋ. ಈ ಅವ್ವ ಸಾಮಾನೋ?”

ಅವರು ಹೋಗಿ ಅವಳ ಪಕ್ಕದಲ್ಲೇ ಕೂತುಬಿಟ್ಟರು. ಮುದುಕಿ ಗಾಬರಿಯಿಂದ ಎದ್ದಳು. “ಬ್ಯಾಡಿ ಬುದ್ಧಿ, ನಿಮ್ಗೇನೂ ಆಗಾಕಿಲ್ಲ. ನಾಳೆ ಊರೋರು ಕೇರಿಗೆ ಬಂದು ಬೈಯೋದು ನನ್ನ.”

ಈ ಮಾತನ್ನು ನಾನು ತಕ್ಷಣ ಹಿಡಿದೆ. “ಕೇಳಿದ್ರಾ? ನಿಮ್ಮ ನಿಯಮದ ಪೆಟ್ಟು ಬೀಳೋದು ಯಾರಿಗೆ?”

ತಂದೆ ನನ್ನ ಕಡೆ ತಿರುಗಲಿಲ್ಲ. ಅವಳನ್ನೇ ಕೇಳಿದರು: “ನಿಂಗೆಲ್ಲಿ ಕೂರ್ಬೇಕು ಅನ್ಸುತ್ತವ್ವಾ?”

ಅವಳು ಏಳೂ ಜನರ ಮುಖ ನೋಡಿದಳು. “ಹೋದ್ವಾರ ಕೂತಿದ್ ಕಡೀಕೆ. ಅಲ್ಲಿ ಕುಲುಕಾಟ ಕಮ್ಮಿ.”

ಹೋಗಿ ಅವರ ನಡುವೆಯೇ ಕೂತಳು. ಐದು ಜನ ಇಳಿದರು. ಇಬ್ಬರು ಇಳಿಯಲಿಲ್ಲ.

“ಸಾಮಾನಿನ ಜಾಗ ಖಾಲಿ ಆಯ್ತು, ಕೂತ್ಕೊ,” ಎಂದರು ತಂದೆ ನನಗೆ.

ಆ ಇಬ್ಬರು ಒಪ್ಪಿ ಕೂತಿದ್ದರೋ, ಬರೀ ಅವಸರದಲ್ಲಿದ್ದರೋ, ಕೇಳಲು ನನಗೆ ಧೈರ್ಯವಾಗಲಿಲ್ಲ. ಕೇಳಿದರೆ ಎಲ್ಲಿ ಇಳಿದುಬಿಡುತ್ತಾರೋ ಎಂದು, ದಾರಿಯುದ್ದಕ್ಕೂ ಹಲಗೆಯ ಮೇಲೆ ಕುಲುಕುತ್ತ, ಅವರ ಬೆನ್ನನ್ನೇ ನೋಡುತ್ತ ಹೋದೆ.