ಸತ್ತವರ ಪಾಲಿನ ಗುಟುಕು

ವಾರೆಬಿಯ ಮೇಲಿನ ಎರಡು ಹಲ್ಲು ಹೋದದ್ದು ದೋಣಿಯ ಹುಟ್ಟಿನ ಏಟಿಗೆ. ಹೊಡೆದವನು ಅವಳ ಭಾವ ಸೆಯಿಗಾ, ಸತ್ತ ಗಂಡನ ಅಣ್ಣ. ಕಾರಣ ಇಷ್ಟೇ: ಅವನ ಭಟ್ಟಿಗೆ ಅವಳು ಹೊತ್ತು ತಂದ ಸೌದೆ ಹಸಿಯಾಗಿತ್ತು. ಮಳೆ ಹಿಡಿದ ಜೌಗಿನಲ್ಲಿ ಒಣಸೌದೆ ಎಲ್ಲಿಂದ ಹುಟ್ಟಬೇಕು ಎಂದು ಅವಳು ಕೇಳಿದ್ದಳು. ಕೇಳಿದ್ದಕ್ಕೆ ಒಂದು ಹಲ್ಲು, ಕೇಳಿದ ಮೇಲೂ ತಲೆ ತಗ್ಗಿಸದಿದ್ದುದಕ್ಕೆ ಇನ್ನೊಂದು. ವಾರೆಬಿ ಅಳುವ ಪೈಕಿಯವಳಲ್ಲ. ಬಾಯಲ್ಲಿದ್ದ ರಕ್ತ ಉಗುಳಿ, ಅದೇ ಹಸಿಸೌದೆಯಲ್ಲೊಂದನ್ನು ಎತ್ತಿ ಅವನ ಮೊಣಕಾಲಿಗೆ ಬಾರಿಸಿದಳು. ಆಮೇಲೆ ಅವನ ಆಳುಗಳಿಬ್ಬರು ಅವಳನ್ನು ಕೆಸರಿಗೆ ಅದುಮಿ ಹಿಡಿದರು. ಸೆಯಿಗಾ ತನ್ನ ಕೈ ಸೋಲುವವರೆಗೂ ಬಡಿದ.

ಅವಳಪ್ಪ ನಮ್ಮ ಇಜೊ ಜನರ ಊರುಗಳಲ್ಲೆಲ್ಲ ಹೆಸರಾದ ಕುಸ್ತಿಯವನು. ಗಂಡುಮಕ್ಕಳಿಲ್ಲದ ಕೊರಗಿಗೋ ಏನೋ, ಮಗಳಿಗೇ ಪಟ್ಟು ಕಲಿಸಿದ್ದ. ಹಾಗೆ ಬೆಳೆದವಳು ಮದುವೆಯಾಗಿ ಬಂದದ್ದು ಬಾಯಿ ಬಿಟ್ಟರೆ ಅಣ್ಣನ ಹೆಸರು ಹೇಳುವ ಒಬ್ಬ ಮೀನುಗಾರನ ಮನೆಗೆ. ಒಂದು ಮಳೆಗಾಲ ಅವನ ದೋಣಿ ಮಾತ್ರ ಹಿಂದಿರುಗಿತು. ಅವನನ್ನು ನೀರು ನುಂಗಿತ್ತು. ಅಂದಿನಿಂದ ಅವಳು ಸೆಯಿಗಾನ ಭಟ್ಟಿಯ ಕೂಲಿ. ಜೌಗುತಾಳೆಯ ಹೆಂಡ ಹೊರುವುದು, ಪೀಪಾಯಿ ತುಂಬುವುದು, ಬೆಂಕಿ ನೋಡಿಕೊಳ್ಳುವುದು, ಒಗೊಗೊರೊ ಇಳಿಸುವುದು ಎಲ್ಲ ಅವಳೇ. ಒಗೊಗೊರೊ ಎಂದರೆ ನಮ್ಮ ಸಾರಾಯಿ. ಬಿಳಿಯರ ಸರ್ಕಾರ ಅದನ್ನು ವಿಷ ಎಂದು ಕರೆದು ನಿಷೇಧಿಸಿತ್ತು. ತನ್ನ ಹಡಗಿನಲ್ಲಿ ಬಂದ ಜಿನ್ನು ಮಾತ್ರ ಅಮೃತ. ಕಳ್ಳನಿಗೊಂದು ಪಿಳ್ಳೆನೆವ, ಬಿಡಿ.

ಹಲ್ಲು ಹೋದ ವಾರವೇ ಸೆಯಿಗಾ ಊರಿನೆದುರು ಸಾರಿದ: ನೆರೆ ಇಳಿದ ಮೇಲೆ ವಾರೆಬಿ ತನ್ನ ಮೂರನೆಯ ಹೆಂಡತಿ. ತಮ್ಮನ ವಿಧವೆ ಅಣ್ಣನ ಪಾಲು, ಅದು ಹಳೆಯ ಕಟ್ಟಳೆ. ತಪ್ಪಿಸಿಕೊಳ್ಳಲು ಆ ಊರಿನಲ್ಲಿ ಇದ್ದದ್ದು ಒಂದೇ ದಾರಿ. ಸ್ವಂತ ಒಲೆ ಹೂಡಿ, ಸ್ವಂತ ಕಸುಬಿನಿಂದ ಉಣ್ಣುವ ವಿಧವೆಯನ್ನು ಯಾರೂ ಎಳೆದೊಯ್ಯುವಂತಿರಲಿಲ್ಲ. ವಾರೆಬಿಗೆ ಗೊತ್ತಿದ್ದ ಕಸುಬು ಒಂದೇ.

“ಭಟ್ಟಿ ಹಾಕ್ತೀನಿ” ಎಂದಳು ಪಕ್ಕದ ಗುಡಿಸಲಿನ ಇಂಗೊ ಅಜ್ಜಿಗೆ.

ಅಜ್ಜಿ ಮೀನು ಹೊಗೆಗಿಡುತ್ತಿದ್ದಳು. “ಹಾಕು ತಾಯಿ, ಹಾಕು. ಪೋಲೀಸ್ರು ಒಂದ್ ಕಡೆ, ನಿನ್ ಭಾವ ಇನ್ನೊಂದ್ ಕಡೆ. ಉಳಿದಿರೋ ಹಲ್ಲು ಎಷ್ಟು ಅಂತ ಎಣಿಸ್ಕೊಂಡ್ಯಾ?”

“ಇರೋ ಹಲ್ಲಲ್ಲಿ ಕಚ್ತೀನಿ ಅಜ್ಜಿ.”

“ಅಪ್ಪನ ಮಗಳೇ ಸರಿ. ಪೀಪಾಯಿ ಎಲ್ಲಿಂದ ತರ್ತೀಯ?”

ಪೀಪಾಯಿ ಸಿಕ್ಕಿತು, ಕಷ್ಟವಿರಲಿಲ್ಲ. ತಾಳೆಯೆಣ್ಣೆ ಕೊಳ್ಳುವ ಅಂಗಡಿಯವರು ತೊರೆಯ ದಂಡೆಗೆ ಎಸೆದಿದ್ದ ಡಾಂಬರಿನದು. ಅದರ ಹೊಟ್ಟೆಯೊಳಗೆ ತೆಂಗಿನ ಸಿಪ್ಪೆ ತುಂಬಿ ಉರಿಸಿ, ಮರಳು ಹಾಕಿ ತಿಕ್ಕಿ, ಮತ್ತೆ ಉರಿಸಿ ಡಾಂಬರಿನ ವಾಸನೆ ಕಳೆದಳು. ಆವಿ ತಣಿಸುವ ತೊಟ್ಟಿಗೆ ಗಂಡನ ಹಳೆಯ ದೋಣಿಯೇ ಆಯಿತು. ಅದರಲ್ಲಿ ನೀರು ತುಂಬಿಟ್ಟರೆ ಅದರೊಳಗೆ ಕೊಳವೆಯಲ್ಲಿ ಹಾಯ್ದು ಬರುವ ಆವಿ ತಣ್ಣಗಾಗಿ ಸಾರಾಯಿಯಾಗುತ್ತದೆ. ನಮ್ಮಲ್ಲಿ ಮೀನಿಗೆ ಬಾರದ ದೋಣಿ ಸಾರಾಯಿಗೆ ಬರುತ್ತದೆ, ಸುಮ್ಮನೆ ಕೊಳೆಯುವ ದೋಣಿ ಇಲ್ಲವೇ ಇಲ್ಲ.

ತೊಡಕಾದದ್ದು ತಾಮ್ರದ ಕೊಳವೆ. ಮುಳುಗಿದ ಉಗಿದೋಣಿಯೊಂದು ತೊರೆಯ ಕವಲಿನ ಕೆಸರಿನಲ್ಲಿ ಬಿದ್ದಿತ್ತು. ನೀರಿಳಿತದ ಹೊತ್ತಿಗೆ ವಾರೆಬಿ ಅದರ ಹೊಟ್ಟೆಗೆ ಇಳಿದು, ಕೊಳವೆಯೊಂದನ್ನು ಅಲುಗಾಡಿಸಿ ಬಿಡಿಸಿಕೊಂಡು ಹೊರಬರುವಷ್ಟರಲ್ಲಿ ಎದುರಿಗೆ ಒಬ್ಬ ನಿಂತಿದ್ದ. ಹಳೆ ಲೋಹ ಹೆಕ್ಕಿ ಮಾರುವವನು, ಕೈಯಲ್ಲಿ ಮಚ್ಚು.

“ಇಡು ಕೆಳಗೆ. ಈ ದೋಣಿ ನಂದು.”

“ನಿಮ್ಮಪ್ಪ ಬಿಟ್ ಹೋಗಿದ್ನೇನೋ?”

ಅವನು ಮಚ್ಚು ಬೀಸಿದ. ಅವಳು ಕೊಳವೆ ಅಡ್ಡ ಹಿಡಿದಳು. ಜಾರಿದ ಅಲಗು ಎಡಗೈಯ ಕಿರುಬೆರಳನ್ನು ಅರ್ಧಕ್ಕೆ ಕತ್ತರಿಸಿತು. ಕೊಳವೆಗೆ ನೆಗ್ಗು ಬಿತ್ತೇನೋ ಎಂದೇ ಅವಳು ಮೊದಲು ನೋಡಿದಳು. ಮತ್ತೆ ಅವನು ಕೈ ಎತ್ತುವುದರೊಳಗೆ ಅಪ್ಪ ಕಲಿಸಿದ ಪಟ್ಟಿಗೆ ಬಗ್ಗಿ, ಅವನ ತೊಡೆ ಹಿಡಿದು ಎತ್ತಿ ಕೆಸರಿಗೆ ಕುಕ್ಕಿದಳು. ಕುತ್ತಿಗೆಯ ಮೇಲೆ ಮಂಡಿಯೂರಿ ಮುಖವನ್ನು ಕೆಸರೊಳಗೆ ಒತ್ತಿದಳು. ಅವನ ಕಾಲು ಒದ್ದಾಡಿತು, ಒದ್ದಾಟ ನಿಧಾನವಾಯಿತು, ಆಗ ಬಿಟ್ಟಳು. ಅವನು ಕೆಸರು ಕಾರುತ್ತ ತೆವಳಿ ಹೋದ. ಅವಳಿಗೆ ಅಯ್ಯೋ ಎನಿಸಲಿಲ್ಲ, ಖುಷಿಯೇ ಆಯಿತು. ಹಾಗೆಂದು ಅಜ್ಜಿಯ ಮುಂದೆ ಬಾಯಿಬಿಟ್ಟು ಹೇಳಿದಳು.

ಅಜ್ಜಿ ಬೆರಳಿಗೆ ಬೂದಿ ಮೆತ್ತಿ ಬಟ್ಟೆ ಸುತ್ತಿದಳು. “ಹಲ್ಲು ಆಯ್ತು, ಬೆರಳಾಯ್ತು. ಭಟ್ಟಿ ಮುಗಿಯೋ ಹೊತ್ಗೆ ನೀನು ಏನಾದ್ರೂ ಉಳೀತೀಯೇನೇ?”

ಊರಿನಿಂದ ದೂರ, ಜೌಗಿನ ನಡುವಿನ ದಿಬ್ಬದ ಮೇಲೆ ಭಟ್ಟಿ ಎದ್ದಿತು. ಮಣ್ಣಿನ ಒಲೆ, ಅದರ ಮೇಲೆ ಪೀಪಾಯಿ, ಪೀಪಾಯಿಯ ಬಾಯಿಂದ ಹೊರಟು ದೋಣಿಯ ನೀರಿನೊಳಗಿನಿಂದ ಹಾಯ್ದು ಆಚೆ ತುದಿಯಲ್ಲಿ ಹೊರಬರುವ ಕೊಳವೆ. ಸಂದುಗಳಿಗೆಲ್ಲ ಮರಗೆಣಸಿನ ಹಿಟ್ಟು ಕಲಸಿ ಬಟ್ಟೆ ಬಿಗಿದಿದ್ದಳು. ದಿಬ್ಬ ಚಿಕ್ಕದು. ದೋಣಿ ಮತ್ತು ಪೀಪಾಯಿ ಕೂತ ಮೇಲೆ ಒಲೆಯ ಬಾಯಿಯ ಮುಂದೆ ಮಾತ್ರ ನಾಲ್ಕು ಜನ ನಿಲ್ಲುವಷ್ಟು ಒಣನೆಲ ಉಳಿಯಿತು. ಉಳಿದದ್ದೆಲ್ಲ ಸೊಂಟದವರೆಗೆ ಹೂಳುವ ಕೆಸರು.

ಮೊದಲ ಸಲ ಹೆಂಡ ಕಾಯಿಸಿದ ಬೆಳಿಗ್ಗೆ ಅವಳು ಪೀಪಾಯಿಗೆ ಕಿವಿಯಿಟ್ಟು ಕುದಿ ಕೇಳಿದಳು. ಬಿಸಿಲೇರುವ ಹೊತ್ತಿಗೆ ಕೊಳವೆಯ ತುದಿಯಿಂದ ತೊಟ್ಟಿಕ್ಕತೊಡಗಿತು. ಬೆರಳ ಮೇಲೆ ಹಿಡಿದು ಕೊಳ್ಳಿ ತಾಗಿಸಿದಳು, ಚುರ್ರೆಂದು ಉರಿಯಿತು. ಹಗಲಿನಲ್ಲಿ ಆ ಉರಿ ಕಣ್ಣಿಗೆ ಕಾಣದು, ಚರ್ಮಕ್ಕೆ ತಿಳಿಯುತ್ತದೆ. ಮೊದಲು ಇಳಿಯುವುದು ಹಾಗೆಯೇ, ಬೆಂಕಿಯ ತಂಗಿ. ಅದನ್ನು ಯಾರೂ ಕುಡಿಯುವುದಿಲ್ಲ, ಅದು ಸತ್ತವರ ಪಾಲು. ವಾರೆಬಿ ಆ ಬಿಸಿಲಿನಲ್ಲಿ ಒಬ್ಬಳೇ ಕೂತು, ಎರಡು ಹಲ್ಲಿಲ್ಲದ ಬಾಯಿ ತುಂಬ ನಕ್ಕಳು.

ನಗು ಮುಗಿಯುವ ಮೊದಲೇ ದೋಣಿಯ ಸದ್ದು ಕೇಳಿಸಿತು. ಹೊಗೆ ನೋಡಿಕೊಂಡು ಸೆಯಿಗಾ ಬಂದಿದ್ದ, ಜೊತೆಗೆ ಅವನ ಆಳುಗಳಿಬ್ಬರು, ಒಬ್ಬನ ಹೆಗಲ ಮೇಲೆ ಕೊಡಲಿ.

“ಏನೇ, ಗಂಡಸಿನ ಕೆಲ್ಸ ಶುರು ಹಚ್ಕೊಂಡ್ಯಾ?” ಎಂದು ಸೆಯಿಗಾ ದಿಬ್ಬ ಹತ್ತಿದ. “ಚೆನ್ನಾಗಿ ಕಟ್ಟಿದೀಯ. ಒಡೆಯೋಕೆ ಬೇಜಾರಾಗುತ್ತೆ.”

“ಮುಟ್ಟಿದ್ರೆ ಕೈ ಮುರೀತೀನಿ ಭಾವ.”

ಅವನು ಅವಳ ಹೊಟ್ಟೆಗೆ ಒದ್ದ. ಅವಳು ಬಿದ್ದಲ್ಲಿಂದಲೇ ಅವನ ಪಾದ ಹಿಡಿದು ತಿರುಚಿದಳು. ಆಳೊಬ್ಬ ಕೊಡಲಿಯ ಕಾವಿನಿಂದ ಬೆನ್ನಿಗೆ ಹಾಕಿದ. ಕುಂಬಾರನಿಗೆ ವರುಷ ದೊಣ್ಣೆಗೆ ನಿಮಿಷ ಎನ್ನುತ್ತಾರಲ್ಲ, ಆ ನಿಮಿಷ ಬಂದೇಬಿಟ್ಟಿತು ಎಂದು ಅವಳಿಗೆ ಅನ್ನಿಸಿತು. ಕೊಡಲಿ ಪೀಪಾಯಿಯ ಕಡೆ ಎದ್ದಾಗ ನೆಲದಿಂದಲೇ ಕೂಗಿದಳು.

“ಒಡೀರಿ! ನಿನ್ ತಮ್ಮ ಇನ್ನೂ ಕುಡಿದಿಲ್ಲ. ಅವನ ಬಾಯಿಂದ ಕಿತ್ಕೊಂಡು ಒಡೀರಿ, ನೋಡೋಣ!”

ಕೊಡಲಿ ನಿಂತಿತು. ಆಳುಗಳು ಮುಖ ಮುಖ ನೋಡಿಕೊಂಡರು. ಮೊದಲ ಗುಟುಕು ಸತ್ತವರಿಗೆ ಕೊಡದೆ ಭಟ್ಟಿ ಒಡೆದವನ ಮನೆಯಲ್ಲಿ ಹೆಣ ಬೀಳುತ್ತದೆ ಎಂದು ನಮ್ಮವರೆಲ್ಲ ನಂಬುತ್ತಾರೆ. ಸೆಯಿಗಾ ಉಳಿದವರಿಗಿಂತ ಹೆಚ್ಚೇ ನಂಬುತ್ತಿದ್ದ.

“ಸರಿ. ಕುಡಿಸಿಯೇ ಒಡೀತೀನಿ” ಎಂದ. “ಮನೆಗೆ ಹಿರಿಯ ನಾನು. ಕೊಡೇ ಇಲ್ಲಿ.”

ವಾರೆಬಿ ಎದ್ದು, ಕೊಳವೆಯ ಕೆಳಗಿದ್ದ ಸೋರೆಬುರುಡೆಯನ್ನು ಅವನ ಕೈಗಿಟ್ಟಳು. ನೆಲದಲ್ಲಿ ಮಲಗಿದ ಹಿರಿಯರಿಗಾದರೆ ನೆಲಕ್ಕೆ ಸುರಿದರೆ ಸಾಕು. ನೀರಿನಲ್ಲಿ ಹೋದವನಿಗೆ ಗೋರಿಯಿಲ್ಲ. ಅವನಿಗೆ ಬಾಯಿ ತುಂಬ ಹೀರಿ ಗಾಳಿಗೆ ಎರಚಬೇಕು. ಸೆಯಿಗಾ ಇದನ್ನು ಎಷ್ಟೋ ಸಲ ಮಾಡಿದ್ದ, ಆದರೆ ತನ್ನ ಮನೆಯಂಗಳದಲ್ಲಿ, ಒಲೆಯಿಂದ ದೂರ. ಇಲ್ಲಿ ಅವನು ನಿಂತಿದ್ದು ಒಲೆಯ ಬಾಯಿಗೆ ಎದುರಾಗಿ. ಬೇರೆ ಕಡೆ ನಿಲ್ಲಲು ಜಾಗವಿರಲಿಲ್ಲ, ಕೆಸರಿಗಿಳಿಯಲು ಅವನ ದೊಡ್ಡಸ್ತಿಕೆ ಒಪ್ಪುತ್ತಿರಲಿಲ್ಲ. ವರ್ಷಗಟ್ಟಲೆ ಭಟ್ಟಿಯ ಒಡೆಯನಾಗಿದ್ದರೂ ಅವನು ಉರಿಯ ಹತ್ತಿರ ಕೂತವನಲ್ಲ, ನೆರಳಲ್ಲಿ ಕುರ್ಚಿ ಹಾಕಿಸಿಕೊಂಡು ಕೂತವನು.

ವಾರೆಬಿಗೆ ಗೊತ್ತಿತ್ತು. ‘ಭಾವ, ಬೆನ್ನು ಒಲೆ ಕಡೆ ಮಾಡು’ ಎನ್ನುವಷ್ಟು ಸಮಯವೂ ಇತ್ತು. ಅವಳು ಬಾಯಿ ತೆರೆಯಲಿಲ್ಲ.

ಸೆಯಿಗಾ ತಮ್ಮನ ಹೆಸರು ಕೂಗಿ, ಕೆನ್ನೆ ಉಬ್ಬುವಷ್ಟು ಹೀರಿ, ಫೂ ಎಂದು ಎರಚಿದ.

ಗಾಳಿಯೇ ಹೊತ್ತಿಕೊಂಡಿತು. ಉರಿ ಎರಚಿದಷ್ಟೇ ವೇಗದಲ್ಲಿ ಅವನ ಬಾಯಿಗೆ ಹಿಂದಿರುಗಿತು. ಗಡ್ಡ, ಹುಬ್ಬು, ಕೈಯಲ್ಲಿದ್ದ ಬುರುಡೆ, ಅದು ಚೆಲ್ಲಿದ ಅಂಗಿ ಎಲ್ಲ ಒಂದೇ ಸಲ ಹತ್ತಿದವು. ಅವನು ಕಿರುಚಲು ಬಾಯಿ ತೆರೆದರೆ ಸದ್ದು ಬರಲಿಲ್ಲ. ಆಳುಗಳು ಸತ್ತವನೇ ಎದ್ದು ಬಂದ ಎಂದು ಬೊಬ್ಬೆಯಿಡುತ್ತ ಕೊಡಲಿ ಎಸೆದು ತಮ್ಮ ದೋಣಿಗೆ ಹಾರಿದರು. ಸುಟ್ಟ ಕೂದಲಿನ ನಾತ ಎದ್ದಿತು. ಸೆಯಿಗಾ ಮುಖ ಬಡಿದುಕೊಳ್ಳುತ್ತ ಸುತ್ತಿದ, ಬಿದ್ದ, ಹೊರಳಿದ.

ವಾರೆಬಿ ನೋಡುತ್ತ ನಿಂತಳು. ಹುಟ್ಟಿನ ಏಟು, ಕೆಸರು, ಮೂರನೆಯ ಹೆಂಡತಿಯ ಚಾಪೆ ಎಲ್ಲವೂ ಉರಿಯುತ್ತಿದ್ದಂತೆ ಕಂಡು ಅವಳ ಎದೆ ತಣ್ಣಗಾಯಿತು. ಆಮೇಲೆ ಅವನು ಕುರುಡನಂತೆ ಕೈ ಚಾಚಿ, “ಅವ್ವಾ” ಎಂದ. ಎಳೆಮಗುವಿನ ದನಿ.

ತೊರೆಯಲ್ಲಿ ನೀರು ಇಳಿದಿತ್ತು. ಹೊರಳುವವನನ್ನು ಕೆಸರಿಗೆ ಎಳೆಯುವಷ್ಟು ಹೊತ್ತಿಲ್ಲ, ಕೈಗೆಟುಕುವಂತೆ ನೀರಿದ್ದದ್ದು ಭಟ್ಟಿಯ ದೋಣಿಯಲ್ಲಿ ಮಾತ್ರ. ಅದನ್ನು ಉರುಳಿಸಿದರೆ ಕೊಳವೆ ಮುರಿಯುತ್ತದೆ, ಪೀಪಾಯಿ ಉಳಿಯುವುದಿಲ್ಲ. “ಹಾಳಾಗಿ ಹೋಗು!” ಎಂದು ಅರಚುತ್ತ ಅವಳು ದೋಣಿಯ ಕೆಳಗಿನ ಆನಿಕೆಮರಕ್ಕೆ ಒದ್ದಳು. ನೀರೆಲ್ಲ ಅವನ ಮೇಲೆ ಬಿತ್ತು. ಕೊಳವೆ ಲಟಕ್ಕೆಂದಿತು, ಕುದಿಯುವ ಆವಿ ಭುಸುಗುಟ್ಟಿ ಅವಳ ಬಲತೋಳಿನ ಚರ್ಮ ಸುಲಿಯಿತು. ಅವಳು ಅವನನ್ನು ಕಾಲು ಹಿಡಿದು ಕೆಸರಿಗೆ ಎಳೆದು ಹಾಕಿದ ಮೇಲೆ ಪೀಪಾಯಿ ಬಾಯಿ ಬಿಟ್ಟು ಉರಿಯತೊಡಗಿತು. ಒಂದು ಮಳೆಗಾಲದ ದುಡಿಮೆ ಅವಳ ಕಣ್ಣೆದುರೇ ಬೂದಿಯಾಯಿತು. ಆಗ ಅವಳು ಅತ್ತಳು, ಅವನಿಗಾಗಿ ಅಲ್ಲ.

ನೆರೆ ಇಳಿದ ಮೇಲೆ ಊರು ಸಭೆಮನೆಯಲ್ಲಿ ಸೇರಿತು. ಸೆಯಿಗಾ ಬದುಕಿದ್ದ, ಮುಖದ ಅರ್ಧ ಭಾಗಕ್ಕೆ ಎಲೆಯ ಪಟ್ಟಿ, ಒಂದು ಕಣ್ಣು ಹೋಗಿತ್ತು. ಆಳುಗಳು ಕಂಡದ್ದನ್ನು ಹೇಳಿದರು. ಊರ ಹಿರಿಯ ತೊಂಬ್ರಾ ಗಂಟಲು ಸರಿ ಮಾಡಿಕೊಂಡು ತೀರ್ಪು ಕೊಟ್ಟ:

“ಸತ್ತವನು ಅಣ್ಣನ ಕೈಯಿಂದ ಕುಡೀಲಿಲ್ಲ. ಬೆಂಕಿಯಾಗಿ ಉಗಿದ. ಹೆಂಡ್ತೀನ ಬಿಟ್ಕೊಡಲ್ಲ ಅಂತ ಅವನೇ ಹೇಳ್ದ ಹಾಗಾಯ್ತು. ಸೆಯಿಗಾ, ಈ ಹೆಂಗಸಿನ ತಂಟೆಗೆ ಹೋಗ್ಬೇಡ.”

ಇಂಗೊ ಅಜ್ಜಿ ವಾರೆಬಿಯ ಸೆರಗೆಳೆದಳು. “ಗೆದ್ದೆ ಕಣೇ. ಬಾಯಿ ಮುಚ್ಕೊಂಡು ನಡಿ ಮನೆಗೆ.”

ವಾರೆಬಿ ಏಳಲಿಲ್ಲ. “ಅವನು ಹೇಳಿದ್ನಾ? ಅವನು? ಇದೇ ಭಾವ ನನ್ನ ಬಡೀವಾಗ ಬಾಗಿಲ ಹತ್ರ ಬಲೆ ಹೊಲೀತಾ ಕೂತಿರ್ತಿದ್ದ ಕಣ್ರೀ ನಿಮ್ ಸತ್ತವನು. ಬದುಕಿದ್ದಾಗ ಎತ್ತದ ಕೈನ ಈಗ ಎತ್ತುತಾನಾ? ಸತ್ತವರೇನೂ ಮಾಡ್ಲಿಲ್ಲ. ಮೊದಲ ಇಳಿತ ಉರಿಯುತ್ತೆ ಅಂತ ನಂಗೆ ಗೊತ್ತಿತ್ತು. ಎಲ್ಲಿ ನಿಂತಿದಾನೆ ಅಂತಾನೂ ಗೊತ್ತಿತ್ತು. ಒಲೆಗೆ ಬೆನ್ನು ಮಾಡು ಅನ್ಲಿಲ್ಲ. ಸುಟ್ಟಿದ್ದು ನಾನು.”

ಅಜ್ಜಿ ಹಣೆ ಚಚ್ಚಿಕೊಂಡಳು. ತೊಂಬ್ರಾ ಅವಳ ಸುಲಿದ ತೋಳನ್ನು ನೋಡಿದ.

“ಮತ್ತೆ ನೀರು ಯಾಕೆ ಸುರಿದೆ?”

“ಸುಟ್ಕೊಳ್ಳಲಿ ಅಂತ ಇತ್ತು. ಸಾಯ್ಲಿ ಅಂತ ಇರ್ಲಿಲ್ಲ.”

ಮುದುಕ ತಲೆಯಾಡಿಸಿದ. ನಗು ತಡೆದನೋ ಕೋಪ ತಡೆದನೋ ಯಾರಿಗೂ ತಿಳಿಯಲಿಲ್ಲ. “ಸತ್ತವರ ಗುಟುಕಲ್ಲಿ ಆಟ ಆಡಿದೀಯ. ಅದಕ್ಕೆ ದಂಡ ಇದೆ. ಒಂದು ಆಡು. ಮತ್ತೆ ನಿನ್ನ ಮುಂದಿನ ಭಟ್ಟಿಯ ಮೊದಲ ಇಳಿತ, ನೀನೇ ನಿನ್ ಗಂಡನಿಗೆ ಎರಚಿ ಕೊಡ್ಬೇಕು.”

ನಿನ್ನ ಮುಂದಿನ ಭಟ್ಟಿ ಎಂದದ್ದು, ಅಂದರೆ ಕಸುಬು ಅವಳದೇ ಎಂದದ್ದು, ಎಲ್ಲರಿಗೂ ಕೇಳಿಸಿತು. ಹೊರಗೆ ಹೋಗಲು ಇದ್ದದ್ದು ಒಂದೇ ಬಾಗಿಲು, ಅದರ ಪಕ್ಕ ವಾರೆಬಿ ಕೂತಿದ್ದಳು. ಸೆಯಿಗಾ ಎದ್ದು ಅಲ್ಲಿಯವರೆಗೆ ಬಂದು, ಅವಳನ್ನು ದಾಟದೆ, ಅವಳು ಎದ್ದು ಹೋಗುವವರೆಗೂ ಕಾದು ನಿಂತ.