ಗೋಲಿನ ಮುಂದಿನ ಕರಕಿ

ಅಮರೇಶ, ಆ ದಿನ ಮೈದಾನ ಒಣಗಿತ್ತು. ಆಟ ಆಡಿಸಬಹುದಿತ್ತು. ಆಗುವುದಿಲ್ಲ ಎಂದು ನಾನು ಹೇಳಿದ್ದು ಸುಳ್ಳು — ತಿಳಿದೂ ತಿಳಿದೂ ಹೇಳಿದ್ದು.

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಸಿಂಧನೂರಿನ ನಮ್ಮ ಫುಟ್‌ಬಾಲ್ ಕ್ಲಬ್ಬಿನ ಮೈದಾನ ನೋಡಿಕೊಳ್ಳುವವನು ನಾನು. ಮಸ್ಕಿ ತಂಡದ ಗೋಲ್‌ಕೀಪರ್ ನೀನು. ನಮ್ಮದು ಎರೆಮಣ್ಣು. ಬೇಸಿಗೆಯಲ್ಲಿ ಬಿರುಕಿನೊಳಗೆ ಕಾಲು ಸಿಕ್ಕಿಕೊಳ್ಳುತ್ತದೆ, ಮಳೆಗಾಲದಲ್ಲಿ ಚಪ್ಪಲಿಯನ್ನೇ ಕಿತ್ತುಕೊಳ್ಳುತ್ತದೆ. ಅಂಥಲ್ಲಿ ಹುಲ್ಲು ಬೆಳೆಸುತ್ತೇನೆಂದಾಗ ಕ್ಲಬ್ಬಿನವರೇ ನಕ್ಕರು. ಗೊರೇಬಾಳದ ಕಾಲುವೆ ಏರಿಯಿಂದ ಕರಕಿ ಹುಲ್ಲು ಅಗೆದು, ಚೀಲದಲ್ಲಿ ತುಂಬಿ, ಸೈಕಲ್ ಮೇಲೆ ತಂದೆ. ಭತ್ತದ ಸಸಿ ಹಚ್ಚುವ ಹಾಗೆ ಹಿಂದೆ ಹಿಂದೆ ಸರಿಯುತ್ತ ಗೋಲಿನ ಮುಂದೆ ಹಚ್ಚಿದೆ. ನಾಟಿಗೆ ಹೊರಟ ಹೆಂಗಸರು ರಸ್ತೆಯಲ್ಲಿ ನಿಂತೇಬಿಟ್ಟರು.

“ಹೊಲದಾಗಿನ ಕರಕಿ ಕಿತ್ತು ಕಿತ್ತು ನಮ್ಮ ಟೊಂಕ ಹೋಗ್ಯಾವ. ಇವ ನೋಡವಾ, ಕರಕಿ ಹಚ್ಚಾಕತ್ತಾನ.”

“ನಿಮ್ಮ ಹೊಲದ್ದೂ ಕೊಡ್ರಬೇ, ಹಚ್ಚತೀನಿ,” ಎಂದೆ.

ದಸರಾ ಹೊತ್ತಿಗೆ ಹಸಿರು ಹಿಡಿಯಿತು. ಲಿಂಗಸುಗೂರಿನಿಂದ ಬಂದವರು ಚಪ್ಪಲಿ ಬಿಟ್ಟು ಅದರ ಮೇಲೆ ನಡೆದು ನೋಡಿದರು. ಹೇಳಿಬಿಡುತ್ತೇನೆ — ಮಗ ಹುಟ್ಟಿದಾಗಲೂ ನನ್ನ ಎದೆ ಅಷ್ಟು ಉಬ್ಬಿರಲಿಲ್ಲ.

ನಿಮ್ಮೊಂದಿಗಿನ ಪಂದ್ಯಕ್ಕೆ ಎರಡು ದಿನ ಮೊದಲು ಸಣ್ಣ ಮಳೆ ಬಿದ್ದಿತ್ತು. ಬಿಸಿಲಿಗೆ ಆರಿತು. ಆಡಲು ನೆಲ ಹದವಾಗಿಯೇ ಇತ್ತು. ಆದರೆ ಬೂಟಿನ ಮೊಳೆ ತಿರುವಿದರೆ ಕರಕಿಯ ಎಳೆ ಬೇರು ಕಿತ್ತು ಬರುತ್ತಿತ್ತು. ನೀನು ಬಸ್ಸಿಳಿದವನೇ ನೇರ ಗೋಲಿನ ಹತ್ತಿರ ಬಂದು, ಬಗ್ಗಿ ಹುಲ್ಲಿನ ಮೇಲೆ ಕೈಯಾಡಿಸಿದೆ. ನಿನ್ನ ಎರಡೂ ಮೊಣಕೈ ತರಚಿ ಹೊಪ್ಪಳೆಗಟ್ಟಿದ್ದವು.

“ಹನುಮಣ್ಣ, ನಮ್ಮ ಮಸ್ಕ್ಯಾಗ ಬರೇ ಗರಸು. ಇವತ್ತ ಮನಸ್ಸು ಬಂದಂಗ ಬೀಳ್ತೀನಿ ನೋಡು.”

ನೀನು ಬೀಳುವುದು ಅಲ್ಲೇ — ನಾನು ಹಚ್ಚಿದ ಅದೇ ಸಾಲುಗಳ ಮೇಲೆ. ನನಗೆ ಅದೊಂದೇ ಕಂಡಿತು. ಬೇವಿನ ಮರದ ಕೆಳಗೆ, ಜಿಲ್ಲಾ ತಂಡಕ್ಕೆ ಗೋಲ್‌ಕೀಪರನನ್ನು ಆರಿಸಲು ರಾಯಚೂರಿನಿಂದ ಬಂದವರು ಕುಳಿತಿದ್ದರು. ಅವರು ನಿನ್ನನ್ನೇ ನೋಡಲು ಬಂದದ್ದೆಂದು ಎಲ್ಲರಿಗೂ ಗೊತ್ತಿತ್ತು. ನನಗೂ ಗೊತ್ತಿತ್ತು. ಗೊತ್ತಿದ್ದೂ...

ಅಂದು ರೆಫರಿ ಲಿಂಗಸುಗೂರಿನ ಡ್ರಿಲ್ ಮಾಸ್ತರು. “ಏನಪಾ ಹನುಮಂತಪ್ಪ, ಆಡಿಸಬಹುದಾ?” ಎಂದು ಕೇಳಿದರು.

ಅದನ್ನು ನೋಡುವ ರೀತಿ ನನ್ನದೇ. ಒಂದು ಹಿಡಿ ಮಣ್ಣನ್ನು ಮುಷ್ಟಿಯಲ್ಲಿ ಒತ್ತಿ, ಉಂಡೆ ಮಾಡಿ, ಟೊಂಕದ ಎತ್ತರದಿಂದ ಬಿಡುತ್ತಿದ್ದೆ. ಒಡೆದರೆ ಆಟ, ಒಡೆಯದೆ ಕೂತರೆ ಆಟವಿಲ್ಲ. ಸಿಂಧನೂರು, ಮಸ್ಕಿ, ಲಿಂಗಸುಗೂರು — ಮೂರೂ ಊರಿನವರು ಅದನ್ನು ಒಪ್ಪಿದ್ದರು. ಆ ದಿನ ನಾನು ಮಣ್ಣು ತೆಗೆದದ್ದು ಗೋಲಿನ ಹಿಂದೆ, ಕುಡಿಯುವ ನೀರಿನ ಕೊಡಗಳಿಡುವ ಜಾಗದಿಂದ. ಅಲ್ಲಿ ಸದಾ ಹಸಿ. ಎಲ್ಲರೂ ನೋಡುತ್ತಿದ್ದರು, ಎಲ್ಲಿಂದ ತೆಗೆದೆ ಎಂದು ಒಬ್ಬರೂ ಕೇಳಲಿಲ್ಲ. ಉಂಡೆ ಬಿದ್ದು ಹಾಗೇ ಕೂತಿತು.

“ಆಡಾಕ ಬರಂಗಿಲ್ರೀ. ಹುಡುಗ್ರ ಕಾಲು ಮುರೀತಾವ.”

“ಹನುಮಂತಪ್ಪ ಅಂದಮ್ಯಾಗ ಮುಗೀತು,” ಎಂದರು ಮಾಸ್ತರು. ಆ ಮಾತಿಗೂ ನಾನು ಒಳಗೇ ಹಿಗ್ಗಿದೆ — ನಾಚಿಕೆಯ ಮಾತು, ಆದರೂ ಬರೆಯಬೇಕು.

ರಾಯಚೂರಿನವರು ಬಸ್ಸು ಹತ್ತಿದರು. ಪಂದ್ಯ ಆಮೇಲೆ ಲಿಂಗಸುಗೂರಿನಲ್ಲಿ ನಡೆಯಿತು. ನೋಡಲು ಅವರು ಬರಲಿಲ್ಲ. ಜಿಲ್ಲಾ ತಂಡಕ್ಕೆ ಬೇರೆ ಯಾರೋ ಹೋದರು. ಮರುವರ್ಷ ನಿನಗೆ ಅದರ ವಯಸ್ಸು ಮೀರಿತ್ತು. ಆ ವರ್ಷ ನೀನು ನಮ್ಮ ಮೈದಾನದಲ್ಲಿ ಆಡಿದೆ, ಬಿದ್ದೆ, ಎದ್ದೆ. ಕರಕಿ ಒಂದೆಳೆಯೂ ಕದಲಲಿಲ್ಲ. “ಗಾದಿ ಹಾಸೀಯಲ್ಲಣ್ಣಾ,” ಎಂದು ನಕ್ಕೆ. ನಾನೂ ನಕ್ಕೆ. ಆಗಲೇ ಹೇಳಬಹುದಿತ್ತು.

ಆಡಿದ್ದರೂ ನಿನ್ನನ್ನು ಆರಿಸುತ್ತಿದ್ದರೋ ಇಲ್ಲವೋ ಎಂದು ಎಷ್ಟೋ ಸಲ ಮನಸ್ಸಿಗೆ ಸಮಾಧಾನ ಹೇಳಿಕೊಂಡಿದ್ದೇನೆ. ಅದನ್ನು ತೀರ್ಮಾನಿಸಬೇಕಾದವರು ಅವರು, ನಾನಲ್ಲ.

ಕಳೆದ ವಾರ ಕ್ಲಬ್ಬಿನವರು ನನಗೆ ಶಾಲು ಹೊದಿಸಿದರು. ನೀನು ಮಸ್ಕಿಯಿಂದ ಬಂದು, ಎಲ್ಲರೆದುರು ಎದ್ದು ನಿಂತು, “ಹನುಮಣ್ಣ ಒಂದು ದಿನಾನೂ ಒಬ್ಬರ ಕಡೆ ವಾಲಿದಾತ ಅಲ್ಲ,” ಎಂದೆ. ಜನ ಚಪ್ಪಾಳೆ ತಟ್ಟಿದರು. ಕರಕಿಯ ಬಗ್ಗೆ ಎಷ್ಟು ಹೊಗಳಿದರೂ ತಗೊಳ್ಳುತ್ತೇನೆ ಅಮರೇಶ, ಅದು ನನ್ನ ಕೈಯ ಕೆಲಸ. ಇಂದಿಗೂ ಅದನ್ನು ನೋಡಿದರೆ ಕಣ್ಣು ತಂಪಾಗುತ್ತದೆ. ಆದರೆ ಯಾರ ಕಡೆಗೂ ವಾಲಲಿಲ್ಲ ಎಂಬ ಆ ಮಾತು ನನಗೆ ಸಲ್ಲುವುದಲ್ಲ.

ಭಾನುವಾರ ಮಸ್ಕಿಗೆ ಬರುತ್ತೇನೆ. ಅಂದಿನ ನಿಮ್ಮ ತಂಡದವರನ್ನೂ ಕರೆ. ಅವರ ಮುಂದೆಯೇ ಹೇಳಿದ್ದ ಸುಳ್ಳು, ಅವರ ಮುಂದೆಯೇ ಒಪ್ಪಿಕೊಳ್ಳುತ್ತೇನೆ. ನೀನು ಬಾಯಿ ಮಾಡು, ಇಲ್ಲವೇ ಎದ್ದು ಹೋಗು — ನೀವು ಹೇಳುವುದೆಲ್ಲ ಮುಗಿಯುವವರೆಗೆ ನಾನು ಏಳುವುದಿಲ್ಲ.